ರಿವೆಟ್ಟಿನ ಇನ್ನೊಂದು ತಲೆ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ತಗಡಿನ ತುಂಡನ್ನು ನಿಮ್ಮ ಕೈಗೆ ಕೊಡುತ್ತೇನೆ. ಮುಂದಿನ ಸಾಲಿನವರು ನೋಡಿ ಹಿಂದಿನವರಿಗೆ ದಾಟಿಸಿ. ಎರಡು ಅಲ್ಯೂಮಿನಿಯಂ ತಗಡುಗಳನ್ನು ಹತ್ತು ರಿವೆಟ್ ಹಾಕಿ ಸೇರಿಸಿದ್ದೇನೆ. ಒಂದು ಬದಿಯಿಂದ ನೋಡಿದರೆ ಹತ್ತೂ ನೆಟ್ಟಗೆ, ಸಾಲಾಗಿ ಕೂತಿವೆ. ಈಗ ತಿರುಗಿಸಿ ನೋಡಿ. ಹಿಂಬದಿಯಲ್ಲಿ ನಾಲ್ಕು ಮಾತ್ರ ಸರಿಯಾಗಿವೆ. ಎರಡು ಪಕ್ಕಕ್ಕೆ ವಾಲಿವೆ. ಮೂರು ಅಪ್ಪಚ್ಚಿಯಾಗಿವೆ. ಇನ್ನೊಂದರ ಹತ್ತಿರ ತಗಡುಗಳ ನಡುವೆ ಕಾಗದ ತೂರುವಷ್ಟು ಸಂದಿ ಇದೆ. ಇವು ಸ್ವಂತವಾಗಿ ವಿಮಾನ ಕಟ್ಟಲು ಹೊರಟ ನಾನು ಹೊಡೆದ ಮೊದಲ ಹತ್ತು ರಿವೆಟ್‌ಗಳು. ಮುಂದಿನ ಬದಿ ನೋಡಿ ನಾನು ಅವತ್ತು ತುಂಬ ಖುಷಿಪಟ್ಟಿದ್ದೆ.

ರಿವೆಟ್ ಕೂರುವುದು ಹೀಗೆ. ಒಂದು ಕಡೆ ಅದಕ್ಕೆ ಆಗಲೇ ತಲೆ ಇರುತ್ತದೆ. ಕಾಲನ್ನು ತೂತಿಗೆ ತೂರಿಸುತ್ತೀರಿ. ತಲೆಯ ಮೇಲೆ ಗಾಳಿಯ ಒತ್ತಡದಲ್ಲಿ ಓಡುವ ರಿವೆಟ್ ಗನ್ ಇಡುತ್ತೀರಿ. ಆಚೆ ಬದಿಯಲ್ಲಿ ಇನ್ನೊಬ್ಬರು ಉಕ್ಕಿನ ಗಟ್ಟಿಯೊಂದನ್ನು ಕಾಲಿಗೆ ಒತ್ತಿ ಹಿಡಿದಿರುತ್ತಾರೆ. ಅದಕ್ಕೆ ಬಕಿಂಗ್ ಬಾರ್ ಅಂತ ಹೆಸರು. ಗನ್ ಟಕಟಕ ಬಡಿದಾಗ ಕಾಲು ಉಕ್ಕಿಗೆ ಗುದ್ದಿಸಿಕೊಂಡು ಊದಿಕೊಳ್ಳುತ್ತದೆ. ಅದೇ ಎರಡನೆಯ ತಲೆ. 3.2 ಮಿಲಿಮೀಟರ್ ದಪ್ಪದ ರಿವೆಟ್ ಆದರೆ ಈ ತಲೆ ಸುಮಾರು 4.8 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ಎತ್ತರ ಬರಬೇಕು. ಅಂದರೆ ರಿವೆಟ್ಟಿನ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ. ತಗಡುಗಳನ್ನು ಒಟ್ಟಿಗೆ ಹಿಡಿದಿಡುವುದರಲ್ಲಿ ಆ ತಲೆಯದ್ದೇ ಅರ್ಧ ಪಾಲು. ಆದರೆ ಗನ್ ಹಿಡಿದವನಿಗೆ ಅದು ಕಾಣುವುದಿಲ್ಲ. ಆಚೆ ಕಡೆ ಇರುವವರಿಗೆ ಮಾತ್ರ ಕಾಣುತ್ತದೆ.

ವಿಮಾನ ಕಟ್ಟಿದ್ದರಿಂದ ನಾನು ಕಲಿತದ್ದೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ. ನಾನು ಮಾಡಿದ ಕೆಲಸ ಸರಿಯಾಗಿದೆಯಾ ಅನ್ನುವುದು ಎಷ್ಟೋ ಸಲ ನನಗೆ ಕಾಣದ ಬದಿಯಲ್ಲಿತ್ತು.

ನಾನು ಕಟ್ಟಿದ್ದು ಇಬ್ಬರು ಅಕ್ಕಪಕ್ಕ ಕೂರುವ, ರೆಕ್ಕೆ ಕೆಳಗಿರುವ, ಪೂರ್ತಿ ಅಲ್ಯೂಮಿನಿಯಂ ವಿಮಾನ. ಏಳು ವರ್ಷ ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕ 2,340 ಗಂಟೆ. ಹತ್ತು ಸಾವಿರಕ್ಕೂ ಜಾಸ್ತಿ ರಿವೆಟ್. ಭಾಗಗಳು ಕಿಟ್ ಆಗಿ ಬರುತ್ತವೆ. ಕಿಟ್ ಅಂದ ತಕ್ಷಣ ಕೆಲವರು ಪೆಟ್ಟಿಗೆ ಬಿಚ್ಚಿ ಜೋಡಿಸುವುದು ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೊಂದು ದೇಶದ ನಿಯಮ ಒಂದೊಂದು ಥರ ಇದೆ. ಅಮೆರಿಕದಲ್ಲಿ ಇಂಥ ವಿಮಾನಕ್ಕೆ ಪರವಾನಗಿ ಸಿಗಬೇಕಾದರೆ ಅದರ ಕೆಲಸದ ದೊಡ್ಡ ಪಾಲನ್ನು ಹವ್ಯಾಸಿಗಳೇ, ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಮಾಡಿರಬೇಕು. ಜನ ಅದನ್ನು ಶೇ. 51ರ ನಿಯಮ ಅಂತಲೇ ಕರೆಯುತ್ತಾರೆ. 'ಕಲಿಕೆಗಾಗಿ' ಅನ್ನುವ ಮಾತು ಅಲ್ಲಿ ಸುಮ್ನೆ ಬಂದಿಲ್ಲ. ಅದರ ಅರ್ಥ ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಮೊದಲು ಬಂದದ್ದು ಬಾಲದ ಕಿಟ್. ಹೆಚ್ಚಿನವರು ಬಾಲದಿಂದಲೇ ಶುರು ಮಾಡುತ್ತಾರೆ. ಚಿಕ್ಕದು, ಕೆಟ್ಟರೂ ಇನ್ನೊಂದು ತಂದು ಮಾಡಬಹುದು. ತಗಡುಗಳಲ್ಲಿ ಆಗಲೇ ತೂತುಗಳಿರುತ್ತವೆ. ಅವನ್ನು ಜೋಡಿಸಿ, ಕ್ಲೀಕೋ ಅನ್ನುವ ಸ್ಪ್ರಿಂಗ್ ಪಿನ್ನುಗಳಿಂದ ತಾತ್ಕಾಲಿಕವಾಗಿ ಹಿಡಿಸಿ, ತೂತುಗಳನ್ನು ಸರಿಯಾದ ಅಳತೆಗೆ ಕೊರೆಯುತ್ತೀರಿ. ಬಾಲ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ ಅವತ್ತೇ ರಿವೆಟ್ ಹೊಡೆದುಬಿಡೋಣ ಅನಿಸುತ್ತದೆ. ಆದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಒಂದೊಂದು ತೂತಿನ ಎರಡೂ ಬದಿಯ ಚೂಪು ಅಂಚು ತೆಗೆಯಬೇಕು. ರಿವೆಟ್ ತಲೆ ಮೇಲ್ಮೈಗೆ ಸಮನಾಗಿ ಕೂರಬೇಕಾದ ಕಡೆ ತೂತಿನ ಸುತ್ತ ಸಣ್ಣ ತಗ್ಗು ಒತ್ತಬೇಕು. ತುಕ್ಕು ತಡೆಯುವ ಪ್ರೈಮರ್ ಬಳಿಯಬೇಕು. ಆಮೇಲೆ ಮತ್ತೆ ಜೋಡಿಸಿ ರಿವೆಟ್. ಒಂದೇ ಬಾಲವನ್ನು ಎರಡು ಸಲ ಕಟ್ಟಿದ ಹಾಗೆ.

ಆ ಚೂಪು ಅಂಚು ತೆಗೆಯುವ ಕೆಲಸ ಇದೆಯಲ್ಲ, ಅದು ಮುಗಿಯುವುದೇ ಇಲ್ಲ ಅನಿಸುತ್ತದೆ. ಒಂದು ಸಂಜೆ ಪೂರ್ತಿ ಕೂತರೂ ಕಣ್ಣಿಗೆ ಕಾಣುವಂಥ ಪ್ರಗತಿ ಇಲ್ಲ. ಒಳಗಡೆಯ, ಪಕ್ಕೆಲುಬಿನ ಹಾಗೆ ತಗಡಿಗೆ ಆಸರೆಯಾಗುವ ಒಂದು ರಿಬ್‌ನಲ್ಲಿ ನಾಲ್ಕು ತೂತು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಯಾರಿಗೂ ಇಲ್ಲ. ಮುಚ್ಚಿದ ಮೇಲೆ ಪರೀಕ್ಷಕರಿಗೂ ಕಾಣುವುದಿಲ್ಲ. ಆದರೆ ಲೋಹಕ್ಕೆ ಗೊತ್ತಾಗುತ್ತದೆ. 1954ರಲ್ಲಿ ಕಾಮೆಟ್ ಎಂಬ ಪ್ರಯಾಣಿಕರ ಜೆಟ್ ವಿಮಾನಗಳು ಎರಡು, ಮೂರು ತಿಂಗಳ ಅಂತರದಲ್ಲಿ, ಹಾರುತ್ತಿರುವಾಗಲೇ ಒಡೆದು ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದವು. ತನಿಖೆಗೆಂದು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಅಂಥದೇ ಒಂದು ವಿಮಾನದ ಒಡಲನ್ನು ನೀರಿನ ತೊಟ್ಟಿಯೊಳಗಿಟ್ಟು, ಒಳಗೆ ಒತ್ತಡ ಏರಿಸಿ ಇಳಿಸಿ ಏರಿಸಿ ಇಳಿಸಿ ನೋಡಿದರು. ಲೋಹ ದಣಿದು ಬಿರುಕು ಬಿಟ್ಟಿತ್ತು. ಬಿರುಕು ಹುಟ್ಟಿದ್ದು ಒಡಲಿನಲ್ಲಿ ಕಿಟಕಿಯಂಥ ತೆರಪುಗಳ ಮೂಲೆಯಲ್ಲಿ, ಸಣ್ಣ ತೂತುಗಳ ಹತ್ತಿರ. ನಮ್ಮ ಪುಟ್ಟ ವಿಮಾನದಲ್ಲಿ ಆ ಥರ ಒಳ ಒತ್ತಡ ಇಲ್ಲ. ಆದರೂ ಪ್ರತಿ ಹಾರಾಟದಲ್ಲಿ ರೆಕ್ಕೆ ಬಾಗುತ್ತದೆ, ಇಂಜಿನ್ ನಡುಗಿಸುತ್ತದೆ. ಬಿರುಕು ಶುರುವಾಗಲು ಒರಟು ಅಂಚೊಂದು ಸಿಕ್ಕರೆ ಸಾಕು. ಇದನ್ನು ಓದಿದ ಮೇಲೆ ಆ ನಾಲ್ಕು ತೂತುಗಳನ್ನು ಬಿಡುವ ಯೋಚನೆ ನನಗೆ ಬರಲಿಲ್ಲ.

ಇನ್ನೊಂದು ಸಣ್ಣ ವಿಷಯ. ಅಲ್ಯೂಮಿನಿಯಂ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಹಾಕಬೇಡಿ. ಪೆನ್ಸಿಲ್‌ನ ಗ್ರಾಫೈಟ್ ಅಲ್ಯೂಮಿನಿಯಂ ಜೊತೆ ಸೇರಿ, ತೇವ ಸಿಕ್ಕಾಗ ಅದನ್ನು ತಿನ್ನಲು ಶುರು ಮಾಡುತ್ತದೆ. ಮಾರ್ಕರ್ ಪೆನ್ ಸಾಕು. ಚೂಪು ಕಡ್ಡಿಯಿಂದ ಗೀಚುವುದಂತೂ ಬೇಡವೇ ಬೇಡ.

ಈಗ ನನ್ನ ತಪ್ಪುಗಳಿಗೆ ಬರುತ್ತೇನೆ. ಬಾಲದ ಒಂದು ಭಾಗಕ್ಕೆ ಎಡಕ್ಕೊಂದು ಬಲಕ್ಕೊಂದು ಮೂಲೆ ಪಟ್ಟಿ ಕತ್ತರಿಸಿ ಬಗ್ಗಿಸಬೇಕಿತ್ತು. ನಕ್ಷೆಯಲ್ಲಿ ಎಡದ್ದನ್ನು ಮಾತ್ರ ಬರೆದು, 'ಬಲದ್ದು ಇದರ ಕನ್ನಡಿ ಬಿಂಬ' ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ನಾನು ಮೊದಲನೆಯದನ್ನು ತುಂಬ ಜೋಪಾನವಾಗಿ ಮಾಡಿದೆ. ಅಷ್ಟೇ ಜೋಪಾನವಾಗಿ ಎರಡನೆಯದನ್ನೂ ಅದರ ಹಾಗೆಯೇ ಮಾಡಿದೆ. ಕೈಯಲ್ಲಿ ಎರಡು ಎಡ, ಬಲ ಒಂದೂ ಇಲ್ಲ. ವಿಮಾನ ಕಟ್ಟಿದವರನ್ನು ಕೇಳಿ ನೋಡಿ, ಸುಮಾರು ಎಲ್ಲರೂ ಈ ತಪ್ಪು ಮಾಡಿರುತ್ತಾರೆ. ಗಮನ ಕೊಡದೆ ಆದ ತಪ್ಪಲ್ಲ ಇದು. ಗಮನವೆಲ್ಲ ಅಳತೆಯ ಮೇಲಿತ್ತು, ದಿಕ್ಕಿನ ಮೇಲೆ ಇರಲಿಲ್ಲ. ಅವತ್ತಿನಿಂದ ಜೋಡಿ ಭಾಗಗಳನ್ನು ಮೇಜಿನ ಮೇಲೆ ಎದುರುಬದುರು ಇಟ್ಟು, ಪ್ರತಿಯೊಂದರ ಮೇಲೆ ಎಡ, ಬಲ, ಮುಂದೆ, ಮೇಲೆ ಅಂತ ಮಾರ್ಕರ್‌ನಲ್ಲಿ ಬರೆದ ಮೇಲೇ ಡ್ರಿಲ್ ಕೈಗೆತ್ತಿಕೊಳ್ಳುತ್ತಿದ್ದೆ.

ಎರಡನೆಯದು ರಿವೆಟ್ಟಿನದ್ದೇ. ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಭಾಗ, ರಡರ್ ಮಾಡುವಾಗ ಒಂದು ರಿವೆಟ್ಟಿನ ಹಿಂದಲೆ ಕೊಂಚ ವಾಲಿತ್ತು. ಅಳತೆಯ ಮಿತಿಯೊಳಗೇ ಇತ್ತು. ಆದರೂ ಚೆಂದ ಕಾಣಲಿಲ್ಲ ಅಂತ ಅದನ್ನು ಕೊರೆದು ತೆಗೆಯಲು ಹೋದೆ. ಡ್ರಿಲ್ ಒಂಚೂರು ಜಾರಿತು. ತೂತು ಮೊಟ್ಟೆಯಾಕಾರ ಆಯಿತು. ಅದಕ್ಕೆ ಮುಂದಿನ ಅಳತೆಯ ದಪ್ಪ ರಿವೆಟ್ ಹಾಕಬೇಕಾಯಿತು. ದಪ್ಪ ರಿವೆಟ್ ಹಾಕಿದರೆ ತಗಡಿನ ಅಂಚಿನಿಂದ ಇರಬೇಕಾದ ದೂರವೂ ಜಾಸ್ತಿ ಬೇಕು, ಯಾಕೆಂದರೆ ತೂತಿನ ನಡುವಿನಿಂದ ಅಂಚಿಗೆ ಕಡೇಪಕ್ಷ ರಿವೆಟ್ ದಪ್ಪದ ಎರಡು ಪಟ್ಟು ದೂರ ಇರಲೇಬೇಕು. ನನ್ನ ಹತ್ತಿರ ಅಷ್ಟು ಜಾಗ ಇರಲಿಲ್ಲ. ಕೊನೆಗೆ ಇಡೀ ತಗಡನ್ನೇ ಬದಲಾಯಿಸಿದೆ. ಮೊದಲಿನ ರಿವೆಟ್ ಹಾಗೇ ಇದ್ದಿದ್ದರೆ ಆ ವಿಮಾನದ ಆಯುಷ್ಯವೆಲ್ಲ ಅದು ತನ್ನ ಕೆಲಸ ಮಾಡುತ್ತಿತ್ತು. ಕೆಟ್ಟದ್ದನ್ನು ಗುರುತಿಸುವುದು ಒಂದು ಕಲಿಕೆ. ಸಾಕಷ್ಟು ಚೆನ್ನಾಗಿರುವುದನ್ನು ಮುಟ್ಟದೆ ಬಿಡುವುದು ಇನ್ನೊಂದು ಕಲಿಕೆ. ನನಗೆ ಎರಡನೆಯದೇ ಕಷ್ಟವಾಯಿತು.

ರೆಕ್ಕೆಯ ಕೆಲಸ ಶುರುವಾದಾಗ ಒಬ್ಬನೇ ಮಾಡುವುದು ಆಗಲಿಲ್ಲ. ಗನ್ ಒಂದು ಕಡೆ, ಬಕಿಂಗ್ ಬಾರ್ ಇನ್ನೊಂದು ಕಡೆ, ನಡುವೆ ತಗಡು. ನನ್ನ ಕೈ ರಿಬ್‌ಗಳ ಸಂದಿಗೆ ಹೋಗುತ್ತಿರಲಿಲ್ಲ. ನನ್ನ ಮಗಳ ಕೈ ಹೋಗುತ್ತಿತ್ತು. ಆಗ ಅವಳಿಗೆ ಹದಿಮೂರು ವರ್ಷ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಹಾಕಿಕೊಂಡು ರೆಕ್ಕೆಯ ಆಚೆ ಬದಿಯಲ್ಲಿ ನಿಲ್ಲುತ್ತಿದ್ದಳು. ನಾನು 'ರೆಡಿನಾ?' ಅನ್ನಬೇಕು. ಅವಳು 'ಹೊಡಿ' ಅಂದ ಮೇಲೇ ಟ್ರಿಗರ್ ಒತ್ತಬೇಕು. ಬಾರ್ ಇಲ್ಲದೆ ಗನ್ ಬಡಿದರೆ ತಗಡು ಜಜ್ಜಿಹೋಗುತ್ತದೆ. ಹೊಡೆದಾದ ಮೇಲೆ ಅವಳು ಅಳತೆಯ ಪಟ್ಟಿ ಇಟ್ಟು ನೋಡಿ 'ಸರಿ' ಅನ್ನಬೇಕು. ಆಮೇಲೆ ಮುಂದಿನದು.

ಒಂದು ಸಂಜೆ ಆಗಲೇ ಇನ್ನೂರು ರಿವೆಟ್ ಮುಗಿದಿದ್ದವು. ನನಗೆ ಆ ಸಾಲು ಮುಗಿಸುವ ಆತುರ. ಅವಳು, "ಅಪ್ಪಾ, ಇದು ಕೂತಿಲ್ಲ" ಅಂದಳು. ಮತ್ತೆ ಸ್ವಲ್ಪ ಹೊಡೆದೆ. "ಈಗಲೂ ಇಲ್ಲ." ನಾನು, "ಈ ಕಡೆ ಸರಿಯಾಗೇ ಇದೆಯಲ್ಲ" ಅಂದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ಆ ಕಡೆಯಿಂದ ನಿನಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದಳು. ನಾನು ಗನ್ ಕೆಳಗಿಟ್ಟು ಸುತ್ತಿಕೊಂಡು ಹೋಗಿ ನೋಡಿದೆ. ತಗಡು ಮತ್ತು ರಿಬ್ ನಡುವೆ ಸಂದಿ ಇತ್ತು. ರಿವೆಟ್ಟಿನ ಕಾಲು ಆ ಸಂದಿಯೊಳಗೇ ಊದಿಕೊಂಡಿತ್ತು. ಅಂಥ ರಿವೆಟ್ ತಗಡುಗಳನ್ನು ಹಿಡಿದಿಡುವುದಿಲ್ಲ, ದೂರ ತಳ್ಳಿ ಹಿಡಿಯುತ್ತದೆ. ಅದನ್ನು ಮಾತ್ರ ಕೊರೆದು ತೆಗೆಯಲೇಬೇಕಿತ್ತು. ಅವತ್ತಿನಿಂದ ಶೆಡ್ಡಿನಲ್ಲಿ ಒಂದು ಕಟ್ಟುಪಾಡು ಬಂತು. ಆಚೆ ಬದಿಯಲ್ಲಿ ಇರುವವರು 'ಇಲ್ಲ' ಅಂದರೆ ಇಲ್ಲ. ಅದರ ಮೇಲೆ ಚರ್ಚೆ ಇಲ್ಲ.

ಇಂಧನದ ಟ್ಯಾಂಕಿನ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಅಲ್ಲಿ ಅಪಾಯ ನಿಜವಾದದ್ದು. ನಮ್ಮ ವಿಮಾನದಲ್ಲಿ ರೆಕ್ಕೆಯ ಮುಂಭಾಗವೇ ಟ್ಯಾಂಕ್. ಪ್ರತಿ ಕೂಡುಗೆಗೂ ಪಾಲಿಸಲ್ಫೈಡ್ ಸೀಲಂಟ್ ಬಳಿದು ರಿವೆಟ್ ಹೊಡೆಯಬೇಕು. ಕಪ್ಪು ಡಾಂಬರಿನ ಹಾಗೆ ಅಂಟುವ ವಸ್ತು. ಕೈಗೆ, ಕೂದಲಿಗೆ, ಬಾಗಿಲ ಹಿಡಿಗೆ, ಎಲ್ಲೆಂದರಲ್ಲಿ ಹತ್ತುತ್ತದೆ. ಮುಗಿದ ಮೇಲೆ ಸೋರಿಕೆ ನೋಡಬೇಕು. ಎಲ್ಲ ಬಾಯಿ ಮುಚ್ಚಿ, ಒಂದು ಕೊಳವೆಗೆ ಬಲೂನು ಕಟ್ಟಿ, ತೀರ ಕಡಿಮೆ ಒತ್ತಡದಲ್ಲಿ ಗಾಳಿ ತುಂಬಿ, ಕೂಡುಗೆಗಳಿಗೆಲ್ಲ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದಾ ಅಂತ ಹುಡುಕಬೇಕು. ನಾನು ರಾತ್ರಿ ಕಟ್ಟಿದ ಬಲೂನು ಬೆಳಿಗ್ಗೆ ಸೊರಗಿತ್ತು. ಎಲ್ಲೋ ಸೋರಿದೆ ಅಂತ ಎದೆ ಧಸಕ್ಕೆಂದಿತು. ಮಧ್ಯಾಹ್ನ ನೋಡಿದರೆ ಮತ್ತೆ ಊದಿಕೊಂಡಿದೆ. ಟ್ಯಾಂಕಿನೊಳಗಿನ ಗಾಳಿ ಚಳಿಗೆ ಕುಗ್ಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಬಲೂನು ಸೋರಿಕೆಯ ಜೊತೆ ಹವಾಮಾನವನ್ನೂ ಅಳೆಯುತ್ತಿತ್ತು. ಹಾಗಾಗಿ ಎರಡು ದಿನ, ಒಂದೇ ಹೊತ್ತಿಗೆ, ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ನೋಡಿ ಹೋಲಿಸಿದೆ.

ಟ್ಯಾಂಕ್ ಸೋರದಿದ್ದರೆ ಆಯಿತಾ? ಇಲ್ಲ. ಇಂಧನ ಇಂಜಿನ್‌ಗೆ ಬೇಕಾದಷ್ಟು ತಲುಪುತ್ತದಾ ಅನ್ನುವುದು ಬೇರೆ ಪ್ರಶ್ನೆ. ಪಂಪ್ ಇರುವ ವ್ಯವಸ್ಥೆಯಲ್ಲಿ, ಇಂಜಿನ್ ಪೂರ್ಣ ಶಕ್ತಿಯಲ್ಲಿ ಕುಡಿಯುವುದಕ್ಕಿಂತ ಶೇ. 25 ಜಾಸ್ತಿ ಹರಿಯಬೇಕು. ಬರಿಯ ಗುರುತ್ವದಿಂದ ಇಳಿಯುವುದಾದರೆ ಶೇ. 50 ಜಾಸ್ತಿ. ಗಂಟೆಗೆ 50 ಲೀಟರ್ ಕುಡಿಯುವ ಇಂಜಿನ್ ಅಂದುಕೊಳ್ಳಿ. ಪಂಪ್ ಇದ್ದರೆ ನಿಮಿಷಕ್ಕೆ ಒಂದು ಲೀಟರಿಗಿಂತ ಚೂರು ಮೇಲೆ ಬರಬೇಕು. ಅದೂ ಮೂಗು ಮೇಲಕ್ಕೆತ್ತಿದ ಸ್ಥಿತಿಯಲ್ಲಿ, ಅಂದರೆ ವಿಮಾನ ಕಡಿದಾಗಿ ಏರುವಾಗ ಹೇಗಿರುತ್ತದೋ ಹಾಗೆ. ನಾವು ಬಾಲದ ಕೆಳಗೆ ಹಳ್ಳ ತೋಡಿ, ಮೂಗಿನ ಚಕ್ರಕ್ಕೆ ಹಲಗೆಗಳ ಅಟ್ಟಣೆ ಕೊಟ್ಟು ಪರೀಕ್ಷೆ ಮಾಡಿದೆವು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿ ಇಟ್ಟುಕೊಂಡು, ತೆರೆದ ಜಾಗದಲ್ಲಿ, ವಿಮಾನಕ್ಕೂ ಡಬ್ಬಕ್ಕೂ ಅರ್ಥಿಂಗ್ ತಂತಿ ಕಟ್ಟಿ.

ಎಡ ಟ್ಯಾಂಕ್ ಸರಿಯಾಗಿ ಬಂತು. ಬಲ ಟ್ಯಾಂಕ್ ಮೊದಲ ಎರಡು ನಿಮಿಷ ಸರಿಯಾಗಿ ಬಂತು. ನಾನು ಅಷ್ಟಕ್ಕೇ ನಿಲ್ಲಿಸಿ ಬರೆದುಕೊಳ್ಳುತ್ತಿದ್ದೆ. ನಮ್ಮ ಜೊತೆ ಇದ್ದ ಹಿರಿಯರೊಬ್ಬರು, ಹಿಂದೆ ಎರಡು ವಿಮಾನ ಕಟ್ಟಿದವರು, "ಟ್ಯಾಂಕ್ ಖಾಲಿ ಆಗುವವರೆಗೂ ಬಿಡಿ" ಅಂದರು. ಬಿಟ್ಟೆವು. ಹರಿವು ನಿಧಾನವಾಗುತ್ತ ಬಂತು. ಐದನೇ ನಿಮಿಷಕ್ಕೆ ಅರ್ಧಕ್ಕಿಳಿಯಿತು. ಟ್ಯಾಂಕಿನಲ್ಲಿ ಇನ್ನೂ ಬೇಕಾದಷ್ಟು ಇಂಧನ ಇತ್ತು. ಹುಡುಕಿದಾಗ ಸಿಕ್ಕಿದ್ದು ಒಂದು ತುಂಡು ಟೇಪು. ಬಣ್ಣ ಹೊಡೆಯುವಾಗ ಟ್ಯಾಂಕಿಗೆ ಗಾಳಿ ಹೋಗುವ ಕೊಳವೆಯ ಬಾಯಿಗೆ ನಾನೇ ಅಂಟಿಸಿದ್ದೆ. ಕಿತ್ತುಹಾಕಲು ಮರೆತಿದ್ದೆ. ಅದರ ಮೇಲೆ ಬಣ್ಣವೂ ಕೂತು, ಟೇಪು ಇದೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಇಂಧನ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕ್ ಒಳಗೇ ಹೀರಿಕೊಂಡು ಹಿಡಿಯುತ್ತದೆ. ಅದು ನೆಲದ ಮೇಲೆ ಐದನೇ ನಿಮಿಷ. ಆಕಾಶದಲ್ಲಾಗಿದ್ದರೆ ಐದನೇ ನಿಮಿಷದಲ್ಲಿ ನಾನು ಎಲ್ಲಿರುತ್ತಿದ್ದೆ ಅಂತ ಆ ರಾತ್ರಿ ಮತ್ತೆ ಮತ್ತೆ ಲೆಕ್ಕ ಹಾಕಿದೆ.

ಇಲ್ಲಿ ಕೂತಿರುವವರಲ್ಲಿ ಕೆಲವರಿಗೆ ಸ್ವಂತ ಬುದ್ಧಿಯಿಂದ ಏನಾದರೂ ಬದಲಾಯಿಸಿ ಕಟ್ಟುವ ಆಸೆ ಇರಬಹುದು. ನನಗೂ ಇತ್ತು. ಈ ಹವ್ಯಾಸದ ಹಳೆಯ ಕಥೆಯೊಂದನ್ನು ಹೇಳುತ್ತೇನೆ. ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ ತುಂಬ ಸರಳವಾದ, ಒಂದರ ಹಿಂದೆ ಒಂದು ರೆಕ್ಕೆ ಇರುವ ವಿಮಾನವೊಂದನ್ನು ಹಾರಿಸಿದರು. 'ಆಕಾಶದ ಹೇನು' ಅನ್ನುವಂಥ ಅರ್ಥದ ಹೆಸರು ಅದಕ್ಕೆ. ಪೆಟ್ಟಿಗೆ ಮಾಡಲು ಬರುವವರು ಇದನ್ನೂ ಮಾಡಬಹುದು ಅನ್ನುವ ಧೈರ್ಯ ಅವರು ಜನರಿಗೆ ಕೊಟ್ಟರು. ಫ್ರಾನ್ಸ್, ಇಂಗ್ಲೆಂಡ್‌ನಲ್ಲಿ ಎಷ್ಟೋ ಮಂದಿ ಕಟ್ಟಿದರು. ಆಮೇಲೆ ಸಾವುಗಳು ಶುರುವಾದವು. ಪೂರ್ಣ ಗಾತ್ರದ ವಿಮಾನವನ್ನೇ ಗಾಳಿ ಸುರಂಗದಲ್ಲಿಟ್ಟು ನೋಡಿದಾಗ ಕಾರಣ ಸಿಕ್ಕಿತು. ಮೂಗು ಒಂದು ಮಿತಿಗಿಂತ ಕೆಳಗೆ ಬಿದ್ದರೆ ಎರಡು ರೆಕ್ಕೆಗಳ ಗಾಳಿ ಒಂದಕ್ಕೊಂದು ಅಡ್ಡ ಬಂದು, ಪೈಲಟ್ ಹಿಡಿಯುವ ಹತೋಟಿ ಕಡ್ಡಿಯನ್ನು ಎಷ್ಟು ಎಳೆದರೂ ವಿಮಾನ ಮೇಲೇಳುತ್ತಿರಲಿಲ್ಲ. ಕಟ್ಟಿದವರ ಕೈ ಕೆಲಸದಲ್ಲಿ ತಪ್ಪಿರಲಿಲ್ಲ. ಅವರಿಗೆ ಕಾಣದ ಕಡೆ ತಪ್ಪಿತ್ತು. ಈಗ ನೂರಾರು, ಸಾವಿರಾರು ಸಂಖ್ಯೆಯಲ್ಲಿ ಹಾರಿ ತೋರಿಸಿದ ವಿನ್ಯಾಸಗಳು ನಮಗೆ ಸಿಗುತ್ತವೆ. ಅದು ದೊಡ್ಡ ಭಾಗ್ಯ.

ವಿನ್ಯಾಸ ಒಳ್ಳೆಯದಿದ್ದು ಬದಲಾವಣೆ ಕೆಟ್ಟದ್ದಾದರೆ? 1997ರ ಅಕ್ಟೋಬರ್‌ನಲ್ಲಿ ಹಾಡುಗಾರ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಲಾಂಗ್-ಈಜಿ ಎಂಬ ಮನೆಯಲ್ಲಿ ಕಟ್ಟಿದ ವಿಮಾನ ಬಿದ್ದು ತೀರಿಕೊಂಡರು. ಅವರು ಅದನ್ನು ಕಟ್ಟಿದವರಲ್ಲ, ಆಗಷ್ಟೇ ಕೊಂಡುಕೊಂಡಿದ್ದವರು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸುವ ಕವಾಟದ ಹಿಡಿಯನ್ನು ನಕ್ಷೆ ಹೇಳಿದ ಜಾಗದಲ್ಲಿ ಇಡದೆ, ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು ಕಟ್ಟಿದವರು. ಅದಕ್ಕೆ ಗುರುತಿನ ಬರಹವೂ ಇರಲಿಲ್ಲ. ಡೆನ್ವರ್ ಇಂಧನ ಕಡಿಮೆ ಇಟ್ಟುಕೊಂಡು ಹೊರಟಿದ್ದರು. ಹಿಡಿ ತಿರುಗಿಸಲು ಮೈ ತಿರುಗಿಸಿದಾಗ ಕಾಲು ರಡರ್ ಒತ್ತಿ, ವಿಮಾನ ಹತೋಟಿ ತಪ್ಪಿತು ಅನ್ನುವುದು ತನಿಖೆಯ ತೀರ್ಮಾನ. ಆ ಹಿಡಿಯನ್ನು ಹಿಂದಕ್ಕೆ ಇಟ್ಟದ್ದಕ್ಕೆ ಕಾರಣವಿತ್ತು. ಇಂಧನದ ಕೊಳವೆ ಪೈಲಟ್ ಕೂರುವ ಜಾಗಕ್ಕೆ ಬರಬಾರದು ಅನ್ನುವ ಕಾಳಜಿ ಅದು. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದು ಅಪಾಯ ಹುಟ್ಟಿತು. ನಾನು ಕೂಡ ಒಂದು ಸ್ವಿಚ್ಚನ್ನು ಬೇರೆ ಜಾಗಕ್ಕೆ ಹಾಕಬೇಕು ಅಂತಿದ್ದೆ. ಇದನ್ನು ಓದಿದ ಮೇಲೆ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತು, ಕಣ್ಣು ಮುಚ್ಚಿ ಅದಕ್ಕೆ ಕೈ ಚಾಚಿ ನೋಡಿದೆ. ಸಿಗಲಿಲ್ಲ. ನಕ್ಷೆ ಹೇಳಿದಲ್ಲೇ ಹಾಕಿದೆ.

ಅಕ್ರಿಲಿಕ್ ಮೇಲ್ಚಾವಣಿಯ ಬಗ್ಗೆ ಎರಡೇ ಮಾತು. ಅದನ್ನು ಚಳಿಯಲ್ಲಿ ಕತ್ತರಿಸಬೇಡಿ, ಬಿರಿಯುತ್ತದೆ. ಲೋಹ ಕೊರೆಯುವ ಡ್ರಿಲ್ ಬಿಟ್ ಹಾಕಬೇಡಿ, ಅದಕ್ಕೇ ಅಂತ ಬರುವ ಬಿಟ್ ಬಳಸಿ. ತೂಕದ ಬಗ್ಗೆಯೂ ಅಷ್ಟೇ. ವಿಮಾನವನ್ನು ಮಟ್ಟವಾಗಿ ನಿಲ್ಲಿಸಿ, ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿ ಇಟ್ಟು ತೂಗಿ, ಪ್ರತಿ ತೂಕವನ್ನು, ಗೊತ್ತುಮಾಡಿದ ಒಂದು ಜಾಗದಿಂದ ಆ ಚಕ್ರಕ್ಕಿರುವ ದೂರದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಭಾರದ ಕೇಂದ್ರ ಸಿಗುತ್ತದೆ. ಅದು ತೀರ ಹಿಂದಕ್ಕೆ ಹೋದರೆ ಯಾವ ಪೈಲಟ್ ಕೈಯಲ್ಲೂ ವಿಮಾನ ನಿಲ್ಲುವುದಿಲ್ಲ. ಬಣ್ಣಕ್ಕೂ ತೂಕವಿದೆ. ಬಣ್ಣ ಹೊಡೆದ ಮೇಲೆ ಮತ್ತೆ ತೂಗಿ.

ಈಗ ನಟ್ಟಿನ ವಿಷಯ. ವಿಮಾನದಲ್ಲಿ ಪ್ರತಿ ನಟ್ಟಿಗೂ ಎಷ್ಟು ಬಿಗಿ ಅಂತ ಲೆಕ್ಕ ಇದೆ. ಟಾರ್ಕ್ ರೆಂಚಿನಲ್ಲಿ ಅಷ್ಟಕ್ಕೇ ಬಿಗಿದು, ನಟ್ಟು ಮತ್ತು ಅದು ಕೂತ ಜಾಗ ಎರಡಕ್ಕೂ ಸೇರಿ ಒಂದು ಬಣ್ಣದ ಗೆರೆ ಎಳೆಯುತ್ತೇವೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ. ಗೆರೆ ಇಲ್ಲದಿದ್ದರೆ ಬಿಗಿದೇ ಇಲ್ಲ ಅಂತ ಅರ್ಥ. ಕೊನೆಯ ತಪಾಸಣೆಗೆ ಅದೇ ಹಿರಿಯರು ಬಂದಿದ್ದರು. ಅಮೆರಿಕದಲ್ಲಿ 1953ರಲ್ಲಿ ಶುರುವಾದ, ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸಿಗಳ ಇಎಎ ಸಂಘದಲ್ಲಿ ಹೀಗೆ ಬಂದು ನೋಡುವವರಿಗಾಗಿ ಒಂದು ಪದ್ಧತಿಯೇ ಇದೆ. ಅನುಭವಸ್ಥರು ಪುಕ್ಕಟೆಯಾಗಿ ಬಂದು ನಿಮ್ಮ ಕೆಲಸ ನೋಡಿ ಹೇಳುತ್ತಾರೆ. ಅವರು ಪಾಸು ಫೇಲು ಮಾಡುವ ಅಧಿಕಾರಿಗಳಲ್ಲ. ಬರೀ ಇನ್ನೊಂದು ಜೊತೆ ಕಣ್ಣು.

ಆ ಹಿರಿಯರು ಬಾಲದೊಳಗೆ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. ನಾನು ಹೊರಗೆ ನಿಂತಿದ್ದೆ. ಅವರು, "ಎಲಿವೇಟರಿನ ಸರಳಿನ ಲಾಕ್ ನಟ್ಟಿಗೆ ಗೆರೆ ಯಾಕಿಲ್ಲ?" ಅಂತ ಕೇಳಿದರು. ನಾನು, "ಇದೆಯಲ್ಲ ಸರ್, ನಾನೇ ಹಾಕಿದ್ದೀನಿ" ಅಂದೆ. "ಬಂದು ನೋಡಿ" ಅಂದರು. ಇರಲಿಲ್ಲ. ಅವರು ಎರಡು ಬೆರಳಲ್ಲಿ ಆ ನಟ್ಟನ್ನು ತಿರುಗಿಸಿ ತೋರಿಸಿದರು. ಎಲಿವೇಟರ್ ಅಂದರೆ ಮೂಗನ್ನು ಮೇಲೆ ಕೆಳಗೆ ಮಾಡುವ ಭಾಗ. ಆ ಸರಳು ಬಿಚ್ಚಿಕೊಂಡರೆ ಪೈಲಟ್ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಆ ದಿನದ ಪುಟದಲ್ಲಿ 'ಸರಳು ಜೋಡಿಸಿದೆ' ಅಂತ ಬರೆದಿತ್ತು. 'ಬಿಗಿದೆ' ಅಂತ ಇರಲಿಲ್ಲ. ನಿಧಾನವಾಗಿ ನೆನಪಾಯಿತು. ನಟ್ಟನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದ್ದೆ. ರೆಂಚ್ ತರಲು ಎದ್ದಾಗ ಫೋನ್ ಬಂತು. ಮಾತಾಡಿ ಬಂದವನು ಬೇರೆ ಕೆಲಸ ಹಿಡಿದೆ. ಅದಾದ ಮೇಲೆ ನಾಲ್ಕು ತಿಂಗಳು ಆ ಜಾಗವನ್ನು ಕಡೇಪಕ್ಷ ಇಪ್ಪತ್ತು ಸಲ ನೋಡಿದ್ದೇನೆ. ಪ್ರತಿ ಸಲವೂ ಗೆರೆ ಇದೆ ಅಂತಲೇ ನನಗೆ ಕಂಡಿತ್ತು. ನಾನು ನೋಡುತ್ತಿದ್ದದ್ದು ನಟ್ಟನ್ನಲ್ಲ, ಅದರ ಬಗ್ಗೆ ನನಗಿದ್ದ ನಂಬಿಕೆಯನ್ನು. ಇದು ನನಗೆ ಇವತ್ತಿಗೂ ಭಯ ಹುಟ್ಟಿಸುತ್ತದೆ.

ಅದಕ್ಕೆ ಎರಡು ಅಭ್ಯಾಸ ಮಾಡಿಕೊಂಡೆ. ಯಾವ ನಟ್ಟನ್ನೂ ಬೆರಳ ಬಿಗಿಗೆ ಬಿಟ್ಟು ಹೋಗುವುದಿಲ್ಲ. ಬಿಗಿಯಬೇಕು, ಇಲ್ಲವೇ ಪೂರ್ತಿ ತೆಗೆದು ಡಬ್ಬಿಗೆ ಹಾಕಬೇಕು. ನಡುವೆ ಏಳಲೇಬೇಕಾದರೆ ಅಲ್ಲಿ ಕೆಂಪು ರಿಬ್ಬನ್ ಕಟ್ಟಿ ಏಳುತ್ತೇನೆ. ವಾಪಸ್ ಬಂದಾಗ ಬಿಟ್ಟ ಜಾಗದಿಂದಲ್ಲ, ಅದಕ್ಕಿಂತ ಮೂರು ಹೆಜ್ಜೆ ಹಿಂದಿನಿಂದ ಶುರು ಮಾಡುತ್ತೇನೆ. ಪ್ರತಿ ನಟ್ಟಿನ ಪಟ್ಟಿಗೆ ಎರಡು ಕಾಲಂ ಇದೆ. ಒಂದು ನನ್ನ ಸಹಿಗೆ. ಇನ್ನೊಂದು ನಾನಲ್ಲದ ಯಾರದಾದರೂ ಸಹಿಗೆ.

ಹಾರಾಟದ ದಿನ ಹತ್ತಿರ ಬಂತು. ಏಳು ವರ್ಷ ಕನಸು ಕಂಡದ್ದು ಮೊದಲ ಹಾರಾಟ ನಾನೇ ಮಾಡಬೇಕು ಅಂತ. ಆದರೆ ಈ ಏಳು ವರ್ಷದಲ್ಲಿ ನಾನು ಹಾರಿದ್ದು ಬಹಳ ಕಡಿಮೆ. ಬಿಡುವಿನ ಹೊತ್ತೆಲ್ಲ ಶೆಡ್ಡಿನಲ್ಲಿ ಕಳೆದಿತ್ತು. ಇದು ಬಹಳ ಮಂದಿ ವಿಮಾನ ಕಟ್ಟುವವರಿಗೆ ಆಗುತ್ತದೆ. ರಿವೆಟ್ ಹೊಡೆಯುವ ಕೈ ಪಳಗಿರುತ್ತದೆ, ಹಾರಿಸುವ ಕೈ ಜಂಗು ಹಿಡಿದಿರುತ್ತದೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳ ಬಗ್ಗೆ ಒಂದು ಅಧ್ಯಯನ ಹೊರತಂದಿತು. ಇಂಜಿನ್ ಕೈಕೊಡುವುದು, ಹಾರಾಟದಲ್ಲಿ ಹತೋಟಿ ತಪ್ಪುವುದು, ಇವೆರಡೇ ಅದರಲ್ಲಿ ಮುಖ್ಯ. ಮೊದಮೊದಲ ಹಾರಾಟಗಳಲ್ಲಿ ಅಪಾಯ ಜಾಸ್ತಿ. ಅಲ್ಲಿ ಇಂಥ ವಿಮಾನ ಮೊದಲ 25 ಅಥವಾ 40 ಗಂಟೆ ಪರೀಕ್ಷೆಯ ಹಾರಾಟದಲ್ಲೇ ಕಳೆಯುವುದು ವಾಡಿಕೆ. ಆ ಅವಧಿಯಲ್ಲಿ ಒಬ್ಬನೇ ಹಾರಬೇಕಿತ್ತು. 2014ರಿಂದ ಅರ್ಹತೆ ಇರುವ ಇನ್ನೊಬ್ಬ ಪೈಲಟ್ ಜೊತೆಗಿರಲು ದಾರಿ ಮಾಡಿಕೊಟ್ಟರು. ಒಬ್ಬನ ಕೈ ಸಾಲದು ಅನ್ನುವುದು ನಿಯಮ ಮಾಡುವವರಿಗೂ ಮನವರಿಕೆಯಾಗಿತ್ತು.

ನಾನು ಇದೇ ಮಾದರಿಯ ಇನ್ನೊಂದು ವಿಮಾನದಲ್ಲಿ ತರಬೇತಿ ಪೈಲಟ್ ಜೊತೆ ಎಂಟು ಗಂಟೆ ಹಾರಿದೆ. ಎಂಟನೇ ಗಂಟೆಗೂ ನನ್ನ ಇಳಿಯುವಿಕೆ ಒಂದೇ ಥರ ಇರಲಿಲ್ಲ. ಅವರು ನನಗೆ ಬೇಡ ಅನ್ನಲಿಲ್ಲ. "ನಿಮ್ಮ ಮಗಳು ನೆಲದ ಮೇಲೆ ನಿಂತು ನೋಡ್ತಿರ್ತಾಳೆ ಅಂದುಕೊಳ್ಳಿ. ಯಾರು ಹಾರಿಸಬೇಕು ಅಂತ ಅವಳನ್ನು ಕೇಳಿದ್ರೆ ಏನು ಹೇಳ್ತಾಳೆ?" ಅಂದರು. ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೇ ದಿನ ಆ ಎರಡು ವಿಮಾನ ಕಟ್ಟಿದ ಹಿರಿಯರಿಗೆ ಫೋನ್ ಮಾಡಿ, ಮೊದಲ ಹಾರಾಟ ನೀವೇ ಮಾಡಿಕೊಡಿ ಅಂತ ಕೇಳಿಕೊಂಡೆ. ಏಳು ವರ್ಷದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಆ ಫೋನ್.

ಅವತ್ತು ಬೆಳಿಗ್ಗೆ ಗಾಳಿ ಇರಲಿಲ್ಲ. ಅವರು ಒಳಗೆ ಕೂತು ಕಡ್ಡಿಯನ್ನು ಎಡಕ್ಕೆ ವಾಲಿಸಿ, ಹೆಬ್ಬೆರಳು ಮೇಲೆತ್ತಿ ತೋರಿಸಿದರು. ಹೆಬ್ಬೆರಳು ಯಾವ ಕಡೆಗೆ ವಾಲುತ್ತದೋ ಆ ಕಡೆಯ ಏಲರಾನ್, ಅಂದರೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಿಂದಂಚಿನ ಭಾಗ, ಮೇಲೇಳಬೇಕು. ಉಲ್ಟಾ ಜೋಡಿಸಿದ ಏಲರಾನ್‌ನಿಂದ ಜೀವ ಹೋದದ್ದುಂಟು. ಎಡದ್ದು ಎದ್ದಿತು. ಬಲದ್ದು ಇಳಿಯಿತು. ಅವರು ಓಡಿಸಿಕೊಂಡು ಹೋಗಿ ಎದ್ದರು. ಹೊಸ ಇಂಜಿನ್‌ಗೆ ಪಿಸ್ಟನ್ ರಿಂಗುಗಳು ಕೂರಬೇಕಾದರೆ ಶಕ್ತಿ ಕಡಿಮೆ ಮಾಡದೆ ಓಡಿಸಬೇಕು, ಹಾಗಾಗಿ ಅವರು ಏರಿ, ರನ್‌ವೇ ಮೇಲೆಯೇ ಸುತ್ತುತ್ತ ಇಪ್ಪತ್ತೆರಡು ನಿಮಿಷ ಇದ್ದರು. ನಾನು ಒಂದು ಮಾತೂ ಆಡಲಿಲ್ಲ. ಮಗಳು ಆಗ ಕಾಲೇಜಿನಲ್ಲಿದ್ದಳು, ಅದಕ್ಕಾಗಿಯೇ ಬಂದಿದ್ದಳು. ಅವಳು ರೆಕ್ಕೆಯನ್ನೇ ನೋಡುತ್ತಿದ್ದಳು. ಆ ರೆಕ್ಕೆಯ ಒಳಗಿನ ತಲೆಗಳನ್ನು ನೋಡಿದ್ದು ಅವಳೊಬ್ಬಳೇ ಅಲ್ವಾ.

ಇಳಿದು ಬಂದು ಅವರು ಹೇಳಿದ ಮೊದಲ ಮಾತು, "ಎಡ ರೆಕ್ಕೆ ಸ್ವಲ್ಪ ಭಾರ." ಅಂದರೆ ಕಡ್ಡಿ ಬಿಟ್ಟರೆ ನಿಧಾನವಾಗಿ ಎಡಕ್ಕೆ ವಾಲುತ್ತದೆ. ಏಲರಾನ್‌ನ ಹಿಂದಂಚನ್ನು ತುಸುವೇ ಒತ್ತಿ ಸರಿಪಡಿಸಬಹುದಾದ ವಿಷಯ. ಆಮೇಲೆ ಮೂವರೂ ಇಂಜಿನ್ ಮುಚ್ಚಳ ತೆಗೆದು, ಮೂರು ಟಾರ್ಚ್ ಹಿಡಿದು ನೋಡಿದೆವು. ಅವರಿಗೆ ಒಂದು ಆಯಿಲ್ ಕೊಳವೆಯ ಕೂಡುಗೆಯಲ್ಲಿ ಜಿನುಗು ಸಿಕ್ಕಿತು. ನನಗೆ ಏನೂ ಸಿಗಲಿಲ್ಲ. ಮಗಳು ಬಗ್ಗಿ, ಇಂಜಿನ್ ಕೆಳಗಿಂದ ಮೇಲಕ್ಕೆ ನೋಡಿ, "ಅಪ್ಪಾ, ಈ ವೈರು ಪೈಪಿಗೆ ಉಜ್ಜುತ್ತಿದೆ" ಅಂದಳು. ಹೊರಕವಚ ಆಗಲೇ ಅರ್ಧ ಸವೆದಿತ್ತು, ಇಪ್ಪತ್ತೆರಡೇ ನಿಮಿಷದಲ್ಲಿ. ಎರಡು ಕ್ಲಾಂಪ್ ಹಾಕಿ ವೈರನ್ನು ದೂರ ಸರಿಸಿದೆವು. ಅವಳೇ ಸಹಿ ಹಾಕಿದಳು.

ಎರಡನೆಯ ಹಾರಾಟಕ್ಕೂ ಅವರೇ ಕೂತರು. ಆರನೆಯದಕ್ಕೆ ಅವರು ಪಕ್ಕದ ಸೀಟಿಗೆ ಸರಿದು, ನನಗೆ ಎಡ ಸೀಟು ಬಿಟ್ಟುಕೊಟ್ಟರು.

ಆ ತಗಡಿನ ತುಂಡು ಈಗ ಎಲ್ಲಿದೆ? ಕೊನೆಯ ಸಾಲಿನಲ್ಲಿದೆಯಾ? ಅಲ್ಲೇ ಇರಲಿ, ನಿಧಾನವಾಗಿ ನೋಡಿ. ಪ್ರಶ್ನೆ ಇದ್ದವರು ಕೇಳಿ.